ಬಿಸಿಲಿನಲ್ಲಿ ಗ್ರಂಥ ಮುದ್ರಿಸಿದ ವಿದುಷಿ

ಅನ್ನಾ ಅಟ್ಕಿನ್ಸ್ 1799ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಶೈಶವದಲ್ಲಿಯೇ ಮಾತೃವಿಯೋಗವಾಯಿತು. ಸ್ತ್ರೀಯರಿಗೆ ಶಾಸ್ತ್ರಾಭ್ಯಾಸ ದುರ್ಲಭವಾಗಿದ್ದ ಆ ಕಾಲದಲ್ಲಿ, ವಿಜ್ಞಾನಿಯಾದ ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ಮಗಳಿಗೆ ತಾವೇ ಗುರುವಾದರು. ತಂದೆ ಅನುವಾದಿಸಿದ ಶಂಖ-ಚಿಪ್ಪುಗಳ ಗ್ರಂಥಕ್ಕೆ ಮಗಳು 250ಕ್ಕೂ ಮಿಕ್ಕು ಚಿತ್ರಗಳನ್ನು ಬರೆದರು.

1842ರಲ್ಲಿ ಕುಟುಂಬಮಿತ್ರರಾದ ಸರ್ ಜಾನ್ ಹರ್ಷೆಲ್ ಸೂರ್ಯಮುದ್ರಣವನ್ನು ಕಂಡುಹಿಡಿದರು. ಕಬ್ಬಿಣದ ಲವಣಗಳನ್ನು ಸವರಿ ಕತ್ತಲಲ್ಲಿ ಒಣಗಿಸಿದ ಕಾಗದದ ಮೇಲೆ ವಸ್ತುವನ್ನಿರಿಸಿ, ಬಿಸಿಲಿಗೊಡ್ಡಿ, ನೀರಿನಲ್ಲಿ ತೊಳೆದರೆ, ಬಿಸಿಲು ತಾಗಿದೆಡೆ ನೀಲಿಯಾಗಿ ವಸ್ತುವಿನ ಆಕಾರವು ಬೆಳ್ಳಗೆ ಉಳಿಯುವುದು. ಕಡಲಪಾಚಿಯ ನವುರಾದ ಎಳೆಗಳನ್ನು ಕುಂಚದಿಂದ ಮೂಡಿಸುವುದು ಕಷ್ಟವೆಂದರಿತ ಅನ್ನಾ ಈ ವಿಧಾನವನ್ನೇ ಆಶ್ರಯಿಸಿದರು. 1843ರಿಂದ 1853ರವರೆಗೆ ಅಕ್ಷರಗಳನ್ನೂ ಬಿಸಿಲಿನಲ್ಲಿಯೇ ಮೂಡಿಸಿ ಗ್ರಂಥವನ್ನು ಕಂತುಕಂತಾಗಿ ಹೊರತಂದರು. ಛಾಯಾಚಿತ್ರಗಳಿಂದ ಸಚಿತ್ರವಾದ ಪ್ರಪ್ರಥಮ ಗ್ರಂಥವೆಂಬ ಮನ್ನಣೆ ಅದಕ್ಕಿದೆ. ನಡುವೆ 1852ರಲ್ಲಿ ತಂದೆ ಕಾಲವಾದರೂ ಕಾರ್ಯ ನಿಲ್ಲಲಿಲ್ಲ. ಗ್ರಂಥದಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನಷ್ಟೇ ಇರಿಸಿದ ಆ ವಿನಯಶಾಲಿನಿ 1871ರಲ್ಲಿ ದಿವಂಗತರಾದರು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಿಪ್ಪುನೇರಳೆ ಎಲೆಯನ್ನು ನಮ್ಮ ಮಕ್ಕಳೂ ಹೀಗೆಯೇ ಮುದ್ರಿಸಬಹುದು. ಇಲ್ಲಿ ಬಿಸಿಲಿಗೆ ಬರವಿಲ್ಲ. ಕಾಗದಕ್ಕೆ ದಾನಿಗಳ ಅಲ್ಪ ನೆರವು ಸಾಕು. ಮುಖ್ಯವಾಗಿ ಬೇಕಾದುದು, ಮಗಳೆಂದು ಭೇದವೆಣಿಸದೆ ಕಲಿಸಿದ ಆ ತಂದೆಯ ಮನಸ್ಸು.