ಕೈಚಳಕ ಬಲ್ಲ ಸಂತ

ಜನವರಿ 31 ಸಂತ ಜಾನ್ ಬೋಸ್ಕೋ ಅವರ ಹಬ್ಬ. ಡಾನ್ ಬೋಸ್ಕೋ ಎಂದೊಡನೆ ನಮ್ಮ ಮನೆಗಳವರಿಗೆ ನೆನಪಾಗುವುದು ತಾಂತ್ರಿಕ ಶಾಲೆಗಳು, ಬಾಲಕರ ವಸತಿಗೃಹಗಳು, ಬೀದಿಮಕ್ಕಳ ಆಶ್ರಯಧಾಮಗಳು. ಅದು ಸರಿಯೇ. ಆದರೆ ಜಗತ್ತಿನ ಅನೇಕ ಜಾದೂಗಾರರು ಇದೇ ಸಂತರನ್ನು ತಮ್ಮ ಪಾಲಕರೆಂದು ಗೌರವಿಸುತ್ತಾರೆಂಬುದು ಹೆಚ್ಚಿನವರಿಗೆ ತಿಳಿಯದು. ಚೆಂಡನ್ನು ಮಾಯ ಮಾಡಬಲ್ಲ ಕೈಗಳೇ ಮುಂದೆ ಬಲಿಪೂಜೆಯ ಪಾನಪಾತ್ರೆಯನ್ನು ಎತ್ತಿದವು. ಈ ಎರಡರ ನಡುವೆ ವಿರೋಧವಿದೆಯೇ? ಅವರ ಬಾಳಿನ ಈ ಮುಖವನ್ನು ಈ ವಾರ ನೋಡೋಣ.

ಜಾನ್ ಹುಟ್ಟಿದ್ದು 1815ರ ಆಗಸ್ಟ್ 16ರಂದು, ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಬೆಕ್ಕಿ ಎಂಬ ಪುಟ್ಟ ಗ್ರಾಮದ ರೈತ ಕುಟುಂಬದಲ್ಲಿ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ, 1817ರಲ್ಲಿ, ತಂದೆ ಫ್ರಾನ್ಸಿಸ್ ತೀರಿಕೊಂಡರು. ಓದುಬರಹ ತಿಳಿಯದ ತಾಯಿ ಮಾರ್ಗರೀಟಾ ಹೊಲ ಉತ್ತು, ಅತ್ತೆಯನ್ನೂ ಮೂವರು ಗಂಡುಮಕ್ಕಳನ್ನೂ ಸಲಹಿದರು. ಬಾಯಿಪಾಠವಾಗಿ ಬಲ್ಲ ಧರ್ಮೋಪದೇಶವನ್ನು ಅವರೇ ಮಕ್ಕಳಿಗೆ ಕಲಿಸಿದರು. ಜಾನ್‌ಗೆ ಒಂಬತ್ತು ವರ್ಷವಾದಾಗ ಒಂದು ಕನಸು ಬಿತ್ತು. ಬೈದಾಡುತ್ತಿದ್ದ ಹುಡುಗರ ಗುಂಪಿನ ಮೇಲೆ ಆತ ಮುಷ್ಟಿ ಬೀಸಿ ನುಗ್ಗಿದಾಗ, ದಿವ್ಯಪುರುಷನೊಬ್ಬನು ತಡೆದು, ಇವರನ್ನು ಹೊಡೆತದಿಂದಲ್ಲ, ಸೌಮ್ಯತೆಯಿಂದ ಗೆಲ್ಲಬೇಕೆಂದು ತಿಳಿಸಿದನಂತೆ. ಸೌಮ್ಯತೆಯಿಂದ ಹುಡುಗರನ್ನು ಗೆಲ್ಲುವುದು ಹೇಗೆ? ಹಳ್ಳಿಯ ಹುಡುಗನಿಗೆ ತೋಚಿದ ದಾರಿ ಆಟದ್ದು.

ಆ ಕಾಲದ ಸಂತೆ ಜಾತ್ರೆಗಳಲ್ಲಿ ಡೊಂಬರು, ಕೈಚಳಕದವರು ಬಂದು ಆಟ ಕಟ್ಟುತ್ತಿದ್ದರು. ಜಾನ್ ಮುಂದಿನ ಸಾಲಿನಲ್ಲಿ ನಿಂತು, ಉಳಿದವರು ಬೆರಗಿನಿಂದ ಬಾಯ್ದೆರೆದಿರುವಾಗ, ಆಟಗಾರನ ಬೆರಳುಗಳನ್ನೇ ದಿಟ್ಟಿಸುತ್ತಿದ್ದ. ಮನೆಗೆ ಬಂದು ಅದೇ ಚಲನೆಯನ್ನು ಕೈಗೂಡುವವರೆಗೂ ಅಭ್ಯಾಸ ಮಾಡುತ್ತಿದ್ದ. ಬಿದ್ದು ಪೆಟ್ಟು ತಿಂದದ್ದಕ್ಕೆ ಲೆಕ್ಕವಿಲ್ಲ. ಜಾತ್ರೆಗೆ ಹೋಗಲು ಬೇಕಾದ ಕಾಸನ್ನೂ ಆತನೇ ಸಂಪಾದಿಸಿದ. ಬಲೆಯೊಡ್ಡಿ ಹಕ್ಕಿ ಹಿಡಿದು ಮಾರಿದ, ಅಣಬೆಯನ್ನೂ ಬಣ್ಣ ತೆಗೆಯುವ ಗಿಡಮೂಲಿಕೆಯನ್ನೂ ಆಯ್ದು ಮಾರಿದ.

ಹನ್ನೊಂದರ ಪ್ರಾಯದ ಹೊತ್ತಿಗೆ ಬೆಕ್ಕಿಯ ಹುಲ್ಲುಗಾವಲೇ ರಂಗಸ್ಥಳವಾಯಿತು. ಅಲ್ಲಿದ್ದ ಪೇರು ಮರದಿಂದ ಇನ್ನೊಂದು ಮರಕ್ಕೆ ಹಗ್ಗ ಬಿಗಿದ. ಮನೆಯ ಮೇಜೊಂದು ಬಂತು, ಅದರ ಮೇಲೊಂದು ಚೀಲ, ನೆಲಕ್ಕೊಂದು ಹಾಸು. ರಂಗಸಜ್ಜಿಕೆ ಇಷ್ಟೇ. ಭಾನುವಾರ ಹಬ್ಬದ ದಿನಗಳಲ್ಲಿ ನೆರೆಹೊರೆಯವರು ಕೂಡುತ್ತಿದ್ದರು. ಆಟಕ್ಕೆ ಹಣವಿಲ್ಲ, ಆದರೆ ಬೆಲೆಯಿತ್ತು. ಮೊದಲು ಎಲ್ಲರೂ ಜಪಸರ ಹೇಳಿ ಕೀರ್ತನೆ ಹಾಡಬೇಕು. ಅನಂತರ ಬಾಲಕ ಕುರ್ಚಿಯ ಮೇಲೆ ನಿಂತು, ಬೆಳಗಿನ ಪೂಜೆಯಲ್ಲಿ ಕೇಳಿದ ಪ್ರಬೋಧನೆಯನ್ನು ನೆನಪಿನಿಂದ ಒಪ್ಪಿಸುತ್ತಿದ್ದ. ಪ್ರಾರ್ಥನೆಗೆ ಒಲ್ಲೆನೆಂದವನಿಗೆ ಆಟವೂ ಇಲ್ಲ. ಇವೆಲ್ಲ ಮುಗಿದ ಮೇಲೆಯೇ ಹಗ್ಗದ ನಡಿಗೆ, ಲಾಗ, ಕೈಚಳಕ.

1831ರಲ್ಲಿ ಜಾನ್ ಕಿಯೇರಿ ಪಟ್ಟಣದ ಶಾಲೆಗೆ ಸೇರಿದರು. ಮರುವರ್ಷ ಗೆಳೆಯರನ್ನು ಕೂಡಿಸಿ ಆನಂದದ ಕೂಟವೆಂಬ ಸಂಘ ಕಟ್ಟಿದರು. ಕ್ರೈಸ್ತನಿಗೆ ಒಪ್ಪದ ಮಾತು, ಕೃತ್ಯ ಸಲ್ಲದು, ಪಾಠವನ್ನೂ ಧರ್ಮವನ್ನೂ ಕಡೆಗಣಿಸಬಾರದು ಎಂಬುದು ಅದರ ಕಟ್ಟಳೆ. ಜಗದ್ಗುರು ಒಂಬತ್ತನೆಯ ಪಯಸ್ ಅವರ ಆಜ್ಞೆಯಂತೆ ಮುಂದೆ ಬರೆದ ಸ್ಮರಣೆಗಳಲ್ಲಿ ಆ ದಿನಗಳ ಆಟಗಳನ್ನು ಅವರೇ ವಿವರಿಸಿದ್ದಾರೆ. ಚಿಕ್ಕ ಬಟ್ಟಲಿನಿಂದ ಅದಕ್ಕಿಂತ ದಪ್ಪನಾದ ಚೆಂಡುಗಳು ಒಂದಾದ ಮೇಲೊಂದು ಹೊರಬರುತ್ತಿದ್ದವು. ಪುಟ್ಟ ಚೀಲದಿಂದ ಎಣಿಸಲಾರದಷ್ಟು ಮೊಟ್ಟೆಗಳು ಬರುತ್ತಿದ್ದವು. ನೋಡುತ್ತ ನಿಂತವನ ಮೂಗಿನ ತುದಿಯಿಂದಲೂ ಚೆಂಡು ಕೈಗೆ ಬರುತ್ತಿತ್ತು.

ಬಟ್ಟಲು, ಚೆಂಡಿನ ಆಟ ಯೂರೋಪಿನಲ್ಲೂ ನಮ್ಮ ನಾಡಿನ ಗಾರುಡಿಗರಲ್ಲೂ ಬಹು ಹಳೆಯದು. ಅದರ ಸರಳ ರೂಪವನ್ನು ಮನೆಯ ಮಕ್ಕಳು ಅರ್ಧ ಗಂಟೆಯಲ್ಲಿ ಸಿದ್ಧಪಡಿಸಬಹುದು. ಒಂದೇ ಅಳತೆಯ ಮೂರು ಕಾಗದದ ಲೋಟಗಳು ಬೇಕು. ಅವುಗಳ ತಳ ತುಸು ಒಳಗೆ ತಗ್ಗಿರಬೇಕು. ಹಳೆಯ ಬಟ್ಟೆಯ ಚೂರನ್ನು ದಾರದಿಂದ ಬಿಗಿದು ಬಟಾಣಿಗಿಂತ ತುಸು ದೊಡ್ಡ ಉಂಡೆಗಳನ್ನು ಮಾಡಬೇಕು. ಬಟ್ಟೆಯ ಉಂಡೆ ಬಿದ್ದರೂ ಸದ್ದಾಗದು. ನೋಡುವವರಿಗೆ ಮೂರೇ ಉಂಡೆ, ನಿಜದಲ್ಲಿ ನಾಲ್ಕು. ಇದೇ ಗುಟ್ಟು. ಲೋಟಗಳನ್ನು ಬಾಯಿ ಮೇಲಾಗಿ ಒಂದರೊಳಗೊಂದು ಇಟ್ಟು, ನಡುವಿನ ಲೋಟದೊಳಗೆ ನಾಲ್ಕನೆಯ ಉಂಡೆಯನ್ನು ಮೊದಲೇ ಅಡಗಿಸಿರಬೇಕು. ಮೂರು ಉಂಡೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಲೋಟಗಳನ್ನು ಕೆಳಗಿನಿಂದ ಒಂದೊಂದಾಗಿ ಎಳೆದು, ಒಂದೇ ಬೀಸಿನಲ್ಲಿ ಉಂಡೆಗಳ ಹಿಂದೆ ಬೋರಲು ಹಾಕಬೇಕು. ಎರಡನೆಯದು ನಡುವೆ ಬರಬೇಕು. ಬೀಸು ನಿಲ್ಲದಿದ್ದರೆ ಒಳಗಿನ ಉಂಡೆ ಹೊರಬೀಳದು. ಈಗ ಒಂದು ಉಂಡೆಯನ್ನು ನಡುವಿನ ಲೋಟದ ತಳದ ಮೇಲಿಟ್ಟು, ಉಳಿದೆರಡು ಲೋಟಗಳನ್ನು ಅದರ ಮೇಲೆ ಮುಚ್ಚಿ, ಬೆರಳಿನಿಂದ ತಟ್ಟಿ, ಮೂರನ್ನೂ ಒಟ್ಟಿಗೆ ಎತ್ತಿದರೆ ಉಂಡೆ ಲೋಟವನ್ನು ತೂರಿ ಇಳಿದಂತೆ ಕಾಣುತ್ತದೆ. ಮೇಲಿಟ್ಟ ಉಂಡೆ ಲೋಟಗಳ ನಡುವೆಯೇ ಉಳಿದು, ಮುಂದಿನ ಸರದಿಯ ಗುಟ್ಟಾಗುತ್ತದೆ. ಲೋಟಗಳನ್ನು ತಿರುಗಿಸಿ ಮತ್ತೆ ಮೊದಲಿನಂತೆಯೇ ಎಳೆದು ಹಾಕುವಾಗ, ಎರಡನೆಯದನ್ನು ಇಳಿದ ಉಂಡೆಯ ಮೇಲೆಯೇ ಮುಚ್ಚಿ ಆಟ ಮುಂದುವರಿಸಬಹುದು.

ಕಿಯೇರಿಯಲ್ಲಿ ಜಾನ್ ತಂಗಿದ್ದ ಮನೆಯ ಯಜಮಾನ ತೊಮಾಸೋ ಕುಮಿನೋ ದೈವಭೀರುವಾದ ದರ್ಜಿ. ಆತ ಅಕ್ಕರೆಯಿಂದ ಕೋಳಿಯ ಅಡುಗೆ ಮಾಡಿಟ್ಟು ಮುಚ್ಚಳ ತೆಗೆದರೆ, ಜೀವಂತ ಹುಂಜವೊಂದು ಕೂಗುತ್ತ ಹಾರಿತು. ದ್ರಾಕ್ಷಾರಸ ಬಗ್ಗಿಸಿದರೆ ನೀರು, ನೀರು ಬೇಕೆಂದರೆ ದ್ರಾಕ್ಷಾರಸ. ಮನುಷ್ಯನಿಂದ ಇವು ಆಗವು, ದೇವರು ಇಂಥ ವ್ಯರ್ಥಕಾರ್ಯ ಮಾಡನು, ಆದ್ದರಿಂದ ಇದು ಸೈತಾನನ ಕೆಲಸವೇ ಇರಬೇಕೆಂದು ಆ ಬಡವ ತರ್ಕಿಸಿ, ನೆರೆಯ ಗುರುಗಳೊಬ್ಬರಲ್ಲಿ ಭಯವನ್ನು ತೋಡಿಕೊಂಡ. ದೂರು ಪ್ರಧಾನ ದೇವಾಲಯದ ಹಿರಿಯ ಗುರು ಬುರ್ಜಿಯೋ ಅವರನ್ನು ಮುಟ್ಟಿತು. ಹುಡುಗನಿಗೆ ಗುರುಮಠದ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬಷ್ಟು ಗಂಭೀರವಾದ ವಿಚಾರಣೆ ಅದು.

ಹಿರಿಯ ಗುರುಗಳು ಈ ವಿದ್ಯೆ ಎಲ್ಲಿಂದ ಬಂತೆಂದು ಕೇಳಿದರು. ಜಾನ್ ಉತ್ತರಿಸಲು ಐದು ನಿಮಿಷ ಬೇಡಿ, ಹೊತ್ತೆಷ್ಟೆಂದು ವಿನಯದಿಂದ ವಿಚಾರಿಸಿದರು. ಗುರುಗಳು ಜೇಬಿಗೆ ಕೈಹಾಕಿದರೆ ಗಡಿಯಾರವಿಲ್ಲ. ಹಾಗಾದರೆ ಒಂದು ನಾಣ್ಯ ಕೊಡಿರೆಂದಾಗ ಹಣದ ಚೀಲವೂ ಇಲ್ಲ. ಗುರುಗಳು ಕೋಪದಿಂದ ಗದರಿಸಿದರು. ಆಗ ಜಾನ್ ಎಲ್ಲವನ್ನೂ ಬಿಚ್ಚಿಟ್ಟರು. ಗುರುಗಳು ಭಿಕ್ಷುಕನೊಬ್ಬನಿಗೆ ದಾನ ಕೊಟ್ಟು ಚೀಲವನ್ನು ಪ್ರಾರ್ಥನಾಪೀಠದ ಮೇಲೆ ಮರೆತಿದ್ದರು, ಗಡಿಯಾರವನ್ನು ಚಿಕ್ಕ ಮೇಜಿನ ಮೇಲೆ ಬಿಟ್ಟಿದ್ದರು. ಜಾನ್ ಅವೆರಡನ್ನೂ ಎತ್ತಿ ದೀಪದ ಮುಚ್ಚಳದಡಿ ಇಟ್ಟಿದ್ದರು. ಹಿರಿಯರು ಮನಸಾರೆ ನಕ್ಕು, ಇನ್ನೂ ಕೆಲವು ಆಟಗಳ ಗುಟ್ಟು ಕೇಳಿ ತಿಳಿದು, ಅರಿಯದಿರುವಿಕೆಯೇ ಬೆರಗಿನ ಗುರು ಎಂಬರ್ಥದ ಮಾತು ಹೇಳಿ, ಪುಟ್ಟ ಕಾಣಿಕೆ ಕೊಟ್ಟು ಕಳುಹಿಸಿದರು.

ನಮ್ಮ ಮಟ್ಟಿಗೆ ಇಡೀ ಚರಿತ್ರೆಯ ತಿರುಳು ಈ ಘಟನೆಯಲ್ಲಿದೆ. ಕಾರಣ ಕಾಣದ ಕಾರ್ಯವು ಬೆರಗು ಹುಟ್ಟಿಸುತ್ತದೆ. ಅದು ಮನುಷ್ಯಬುದ್ಧಿಯ ಸ್ವಭಾವ. ಕಾರಣವನ್ನು ಬಚ್ಚಿಡುವುದಷ್ಟೇ ಮೋಸವಲ್ಲ. ಆಟವೆಂದು ಇಬ್ಬರೂ ಬಲ್ಲಲ್ಲಿ ಸುಳ್ಳಿಗೆ ಎಡೆಯಿಲ್ಲ. ಇಲ್ಲದ ಶಕ್ತಿ ತನಗಿದೆಯೆಂದು ಸಾಧಿಸಿದಾಗ, ನೋಡುವವನು ಹಾಗೆ ನಂಬಿ ಅಂಜಿದಾಗಲೂ ಸುಮ್ಮನಿದ್ದಾಗ, ಆಟ ವಂಚನೆಯಾಗುತ್ತದೆ. ಕುಮಿನೋ ಅಂಜಿದಾಗ ಜಾನ್ ತಡಮಾಡಿದರೆಂದು ಒಪ್ಪಬೇಕು. ಆದರೆ ಪ್ರಶ್ನೆ ನೇರವಾಗಿ ಬಂದಾಗ ಗುಟ್ಟಿಗಿಂತ ಸತ್ಯವನ್ನೇ ಆರಿಸಿಕೊಂಡರು.

1835ರ ಅಕ್ಟೋಬರ್ 25ರಂದು ನಿಲುವಂಗಿ ತೊಟ್ಟಾಗ ಸಾರ್ವಜನಿಕ ಪ್ರದರ್ಶನಗಳನ್ನೂ ಗಾರುಡಿ ಆಟವನ್ನೂ ಬಿಡುವುದಾಗಿ ಅವರು ಸಂಕಲ್ಪ ಬರೆದುಕೊಂಡರು. 1841ರ ಜೂನ್ 5ರಂದು ಟ್ಯೂರಿನ್‌ನಲ್ಲಿ ಗುರುದೀಕ್ಷೆ ಪಡೆದರು. ಅದೇ ವರ್ಷದ ಡಿಸೆಂಬರ್ 8ರಂದು, ದೇವಾಲಯದ ಸೇವಕನಿಂದ ಏಟು ತಿಂದ ಬಾರ್ತಲೋಮಿಯೋ ಗರೆಲ್ಲಿ ಎಂಬ ಅನಾಥ ತರುಣನನ್ನು ಬಳಿಗೆ ಕರೆದು ಮಾತನಾಡಿಸಿದರು. ಓದಲು ಬಾರದು, ಹಾಡಲು ಬಾರದು ಎಂದು ತಲೆತಗ್ಗಿಸಿದವನನ್ನು, ಸಿಳ್ಳೆ ಹಾಕಲು ಬರುವುದೇ ಎಂದು ಕೇಳಿ ನಗಿಸಿದರಂತೆ. ಬೆಕ್ಕಿಯ ಹುಲ್ಲುಗಾವಲಿನಲ್ಲಿ ಕಲಿತದ್ದು ಇಲ್ಲಿ ಫಲ ಕೊಟ್ಟಿತು. ಅಲ್ಲಿಂದ ಬೆಳೆದ ಬಾಲಕರ ಕೂಟಕ್ಕೆ 1846ರಲ್ಲಿ ವಾಲ್ಡೊಕ್ಕೊದ ಒಂದು ಕೊಟ್ಟಿಗೆ ನೆಲೆಯಾಯಿತು. ತಾಯಿ ಮಾರ್ಗರೀಟಾ ಊರು ಬಿಟ್ಟು ಬಂದು, 1856ರಲ್ಲಿ ಕಣ್ಮುಚ್ಚುವವರೆಗೂ ಆ ಮಕ್ಕಳಿಗೆ ಅಮ್ಮನಾದರು. 1859ರಲ್ಲಿ ಸಾಲೇಸಿಯನ್ ಸಭೆ ಹುಟ್ಟಿತು. ಡಾನ್ ಬೋಸ್ಕೋ 1888ರ ಜನವರಿ 31ರಂದು ದೈವಾಧೀನರಾದರು. 1906ರಲ್ಲಿ ಅವರ ಮಕ್ಕಳು ತಂಜಾವೂರಿಗೆ ಬಂದು ಭಾರತದಲ್ಲಿ ಸೇವೆ ಆರಂಭಿಸಿದರು. 1934ರ ಪಾಸ್ಖ ಹಬ್ಬದಂದು ಧರ್ಮಸಭೆ ಅವರನ್ನು ಸಂತರೆಂದು ಸಾರಿತು.

ಕೆಲವು ವರ್ಷಗಳ ಹಿಂದೆ ಕೋಲಾರ ತಾಲ್ಲೂಕಿನ ವಕ್ಕಲೇರಿಯಲ್ಲಿ, ಪರಿಚಯದವರ ಮನೆಯಂಗಳದಲ್ಲಿ, ಮಕ್ಕಳಿಗೆ ಈ ಸಂತರ ಕಥೆ ಹೇಳಿ ಮೇಲಿನ ಲೋಟದಾಟವನ್ನು ತೋರಿಸಿದೆವು. ಉಂಡೆಗಳನ್ನು ಮಕ್ಕಳೇ ಸುತ್ತಿದ್ದರು. ಆಟ ಮುಗಿದು ನಗು ಅಡಗುವ ಮೊದಲೇ ಅಜ್ಜಿಯೊಬ್ಬರು ಕಾಯಿಲೆಯ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಲೋಟ ತಟ್ಟಿದ ಬೆರಳಿನಿಂದ ಇವನ ತಲೆಯನ್ನೂ ಒಮ್ಮೆ ತಟ್ಟಬೇಕು ಸ್ವಾಮಿ ಎಂದು ಬೇಡಿದರು. ನಮಗೆ ಎದೆ ಝಲ್ಲೆಂದಿತು. ನಮ್ಮ ನಿಲುವಂಗಿಯೇ ಆ ಆಟಕ್ಕೆ ಇಲ್ಲದ ತೂಕ ಕೊಟ್ಟಿತ್ತು. ಅಜ್ಜಿಯನ್ನು ಕೂರಿಸಿ, ಲೋಟಗಳನ್ನು ಬಿಡಿಸಿ, ನಾಲ್ಕನೆಯ ಉಂಡೆಯನ್ನು ಅವರ ಅಂಗೈಯಲ್ಲಿಟ್ಟೆವು. ಮಗುವಿಗಾಗಿ ಪ್ರಾರ್ಥಿಸಿದೆವು, ವೈದ್ಯರಲ್ಲಿಗೆ ಕರೆದೊಯ್ಯಲು ಮನೆಯವರನ್ನು ಒಪ್ಪಿಸಿದೆವು. ಅಜ್ಜಿಯ ಮುಖದಲ್ಲಿ ಮೊದಲು ನಿರಾಶೆ ಕಂಡಿತು. ಆಮೇಲೆ ಉಂಡೆಯನ್ನು ತಿರುಗಿಸಿ ನೋಡಿ, ಸಣ್ಣಗೆ ನಕ್ಕರು.

ಅಂದಿನಿಂದ ಗುಟ್ಟು ಬಿಚ್ಚದೆ ನಾವು ಆ ಆಟ ಮುಗಿಸಿದ್ದಿಲ್ಲ. ಪವಾಡವೆನಿಸುವುದನ್ನೆಲ್ಲ ಪರೀಕ್ಷಿಸಬೇಕೆಂದು 1976ರಲ್ಲಿ ಸಮಿತಿ ರಚಿಸಿದ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ್ದೂ ಅವಿಭಜಿತ ಕೋಲಾರ ಜಿಲ್ಲೆಯಲ್ಲೇ. ಅವರ ದಾರಿ ಬೇರೆ, ನಮ್ಮದು ಬೇರೆ. ಆದರೆ ಬಡವರ ಕಣ್ಣಿಗೆ ಮಣ್ಣೆರಚಬಾರದೆಂಬಲ್ಲಿ ಎರಡೂ ಕೂಡುತ್ತವೆ. ವಿಶ್ವಾಸಕ್ಕೆ ಕಣ್ಕಟ್ಟಿನ ಆಸರೆ ಬೇಕಿಲ್ಲ.

ಈ ಹಬ್ಬದ ಸಂಜೆ ಮನೆಯಲ್ಲಿ ಜಪಸರ ಮುಗಿದ ಮೇಲೆ ಮಕ್ಕಳ ಮುಂದೆ ಮೂರು ಲೋಟ, ನಾಲ್ಕು ಉಂಡೆ ಇಡಿ. ಅವರು ನಗಲಿ, ಅಭ್ಯಾಸ ಮಾಡಲಿ, ಸೋತು ಮತ್ತೆ ಕಲಿಯಲಿ. ಕೊನೆಯಲ್ಲಿ ಮನೆಯ ಅತಿ ಚಿಕ್ಕ ಮಗುವಿಗೆ ಗುಟ್ಟನ್ನು ತೋರಿಸುವ ಕೆಲಸವನ್ನು ಹಿರಿಯ ಮಗುವಿಗೇ ಒಪ್ಪಿಸಿ. ಸಂತ ಡಾನ್ ಬೋಸ್ಕೋ ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಲಿ.