ನಗರದ ಲೆಕ್ಕ ಕೇಳಿದ ಬ್ಯಾರಿಸ್ಟರ್

1871ರ ನವೆಂಬರ್ ತಿಂಗಳ ಕೊನೆಯಲ್ಲಿ ಮುಂಬೈಯ ಫ್ರಾಮ್‌ಜಿ ಕಾವಸ್‌ಜಿ ಸಭಾಂಗಣದಲ್ಲಿ ಇಪ್ಪತ್ತಾರು ವರ್ಷದ ಪಾರ್ಸಿ ಬ್ಯಾರಿಸ್ಟರ್ ಒಬ್ಬರು ಪ್ರಬಂಧ ಓದಲು ಎದ್ದು ನಿಂತರು. ವಿಷಯ, ನಗರಸಭೆಯ ಸುಧಾರಣೆ. ಊರಿನ ತೆರಿಗೆದಾರರೆಲ್ಲ ಆಗ ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡ್ ಅವರ ಮೇಲೆ ಕೆರಳಿದ್ದರು. ತರುಣ ವಕೀಲರು ಆ ಅಧಿಕಾರಿಯ ಪರವಾಗಿಯೇ ಮಾತನಾಡಿದರು. ಸಭೆ ಗದ್ದಲದಲ್ಲಿ ಮುಳುಗಿತು. ಫಿರೋಜ್‌ಷಾ ಮೆಹ್ತಾ ಅವರ ಸಾರ್ವಜನಿಕ ಬದುಕು ಆರಂಭವಾದದ್ದು ಹೀಗೆ, ಜನಪ್ರಿಯತೆಯನ್ನು ಕಳೆದುಕೊಳ್ಳುವ ಮೂಲಕ.

ಕ್ರಾಫರ್ಡ್ ಅವರ ಮೇಲಿನ ಆಕ್ರೋಶಕ್ಕೆ ಕಾರಣವಿತ್ತು. 1865ರ ಕಾಯ್ದೆ ನಗರದ ಕಾರ್ಯಾಧಿಕಾರವನ್ನೆಲ್ಲ ಒಬ್ಬ ಕಮಿಷನರ್ ಕೈಗೆ ಕೊಟ್ಟಿತ್ತು. ಅಮೆರಿಕದ ಅಂತರ್ಯುದ್ಧದ ವೇಳೆ ಹತ್ತಿಯ ವ್ಯಾಪಾರದಲ್ಲಿ ಹರಿದುಬಂದ ಹಣದಿಂದ ಉಬ್ಬಿದ್ದ ಮುಂಬೈ, ಅದೇ ವರ್ಷ ಷೇರು ಹುಚ್ಚು ಇಳಿದಾಗ ಕುಸಿದುಬಿತ್ತು. ಕ್ರಾಫರ್ಡ್ ಮಾತ್ರ ಖರ್ಚಿನ ಕೈ ಹಿಡಿಯಲಿಲ್ಲ. ರಸ್ತೆಗಳಾದವು, ಚರಂಡಿಗಳಾದವು, ಅವರ ಹೆಸರಿನ ದೊಡ್ಡ ಮಾರುಕಟ್ಟೆಯೂ ಎದ್ದಿತು. ಜೊತೆಗೆ ಸಾಲವೂ ಬೆಳೆಯಿತು. ಆ ಖರ್ಚಿನ ಮೇಲೆ ಕಣ್ಣಿಡಬೇಕಾಗಿದ್ದವರು ಸರ್ಕಾರ ನೇಮಿಸಿದ ‘ಜಸ್ಟಿಸ್ ಆಫ್ ದಿ ಪೀಸ್’ ಎಂಬ ಗಣ್ಯರು. ತೆರಿಗೆ ಕೊಡುವವರಿಗೆ ಉತ್ತರ ಹೇಳುವ ಹೊಣೆ ಅವರಿಗಿರಲಿಲ್ಲ.

ಮೆಹ್ತಾ ಹಿಡಿದದ್ದು ಈ ಎಳೆಯನ್ನೇ. ದೋಷ ಕಮಿಷನರ್ ಒಬ್ಬರದಲ್ಲ, ಲೆಕ್ಕ ಕೇಳಬೇಕಾದವರು ಕೇಳದಿದ್ದುದರದು ಎಂಬುದು ಅವರ ವಾದ. ಹಲವರು ಅಂದು ಬೇಡಿದ್ದು ಆಡಳಿತವನ್ನೇ ಒಂದು ಸಮಿತಿಗೆ ಒಪ್ಪಿಸಬೇಕೆಂದು. ಮೆಹ್ತಾ ಒಪ್ಪಲಿಲ್ಲ. ಕೆಲಸ ಮಾಡುವ ಅಧಿಕಾರಿ ಒಬ್ಬನೇ ಇರಲಿ, ಅವನಿಗೆ ಅಧಿಕಾರವೂ ಇರಲಿ. ಆದರೆ ಅವನನ್ನು ಪ್ರಶ್ನಿಸುವ ಸಭೆಯನ್ನು ತೆರಿಗೆದಾರರು ಚುನಾಯಿಸಲಿ ಎಂದರು. ತೆರಿಗೆದಾರರ ಸಭೆಗೆ ಆ ಮಾತು ರುಚಿಸಲಿಲ್ಲವೆಂಬುದು ವಿಚಿತ್ರ.

ಷೇರು ಕುಸಿತದ ಪೆಟ್ಟನ್ನು ಮೆಹ್ತಾ ಹತ್ತಿರದಿಂದ ಕಂಡಿದ್ದರು. 1845ರ ಆಗಸ್ಟ್ 4ರಂದು ಮುಂಬೈಯ ವರ್ತಕ ಕುಟುಂಬದಲ್ಲಿ ಹುಟ್ಟಿ, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಲಂಡನ್ನಿನ ಲಿಂಕನ್ಸ್ ಇನ್ ಸೇರಿದ್ದು ರುಸ್ತಮ್‌ಜಿ ಜಮ್ಶೆಡ್‌ಜಿ ಜೀಜೀಭಾಯಿ ಅವರ ಉದಾರ ನೆರವಿನಿಂದ. ಆ ದಾನಿಯ ಸಂಪತ್ತೇ ಕುಸಿತದಲ್ಲಿ ಕರಗಿಹೋಯಿತು. ಲಂಡನ್ನಿನಲ್ಲಿ ದಾದಾಭಾಯಿ ನವರೋಜಿ ಅವರ ಒಡನಾಟ ದೊರೆಯಿತು. 1868ರಲ್ಲಿ ಬ್ಯಾರಿಸ್ಟರ್ ಆಗಿ ಊರಿಗೆ ಮರಳಿದರು.

ಗದ್ದಲದ ಸಭೆಯ ಮರುವರ್ಷವೇ, 1872ರಲ್ಲಿ, ಹೊಸ ಕಾಯ್ದೆ ಬಂತು. 64 ಸದಸ್ಯರ ಪಾಲಿಕೆಯಲ್ಲಿ 32 ಮಂದಿ ತೆರಿಗೆದಾರರಿಂದ ಚುನಾಯಿತರು. ಹಣಕಾಸಿನ ನಿಗಾಕ್ಕೆ ಹನ್ನೆರಡು ಜನರ ಒಂದು ಚಿಕ್ಕ ಮಂಡಳಿ. ಮತದ ಹಕ್ಕು ಸ್ಥಿತಿವಂತರಿಗೆ ಮಾತ್ರ ಇತ್ತು. ಚಾಳುಗಳಲ್ಲಿ ತುಂಬಿದ್ದ ಗಿರಣಿ ಕಾರ್ಮಿಕರಿಗೆ ಅದರಲ್ಲಿ ಪಾಲಿರಲಿಲ್ಲ. ಈ ಮಿತಿಯನ್ನು ಮರೆತು ಮೆಹ್ತಾ ಅವರನ್ನು ಹೊಗಳುವುದು ಸರಿಯಲ್ಲ. ಆದರೂ ಅಂದಿನ ಭಾರತದಲ್ಲಿ ಅದು ಸಣ್ಣ ಹೆಜ್ಜೆಯಲ್ಲ.

1887ರಲ್ಲಿ ಮುಂಬೈ ಶಾಸನಸಭೆಗೆ ಹೊಸ ಪಾಲಿಕೆ ಮಸೂದೆ ಬಂದಾಗ ಅದು ಕಮಿಷನರ್ ಕೈಯನ್ನು ಮತ್ತೆ ಬಲಪಡಿಸುವಂತಿತ್ತು. ಮೆಹ್ತಾ ಮತ್ತು ಕಾಶೀನಾಥ ತೆಲಂಗ್ ಪಟ್ಟು ಹಿಡಿದು ಅದನ್ನು ತಿದ್ದಿಸಿದರು. ಹಾಗೆ ರೂಪುಗೊಂಡ 1888ರ ಕಾಯ್ದೆ ಇಂದಿಗೂ ಮುಂಬೈ ಪಾಲಿಕೆಯ ತಳಹದಿ. ಅದರ ಕ್ರಮ ಸರಳ: ಆದಾಯ-ವೆಚ್ಚದ ಅಂದಾಜನ್ನು ಕಮಿಷನರ್ ಸಿದ್ಧಪಡಿಸಬೇಕು, ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸಬೇಕು, ಪಾಲಿಕೆ ಅಂಗೀಕರಿಸಬೇಕು. ಆಯವ್ಯಯದಲ್ಲಿ ಮಂಜೂರಾಗದ ವೆಚ್ಚಕ್ಕೆ ಹಣ ಹೊರಡದು. ಲೆಕ್ಕಪತ್ರಗಳ ತಪಾಸಣೆ ವರ್ಷಕ್ಕೊಮ್ಮೆಯಲ್ಲ, ವಾರವಾರವೂ ನಡೆಯಬೇಕು. ವರ್ಷಗಳ ಹಿಂದಿನ ಪರಿಶೋಧನಾ ವರದಿಗಳನ್ನು ಈಗ ಓದಬೇಕಾದ ನಮಗೆ ಇದು ಕೊಂಚ ಅಚ್ಚರಿಯ ಏರ್ಪಾಡು.

ಈ ವ್ಯವಸ್ಥೆಯ ಜೀವ ಪ್ರಶ್ನಿಸುವ ಸದಸ್ಯರಲ್ಲಿದೆ. ಅವರಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಮುಂಬೈಯೇ ಕಂಡಿತು. 2022ರ ಮಾರ್ಚ್‌ನಲ್ಲಿ ಸದಸ್ಯರ ಅವಧಿ ಮುಗಿದ ಬಳಿಕ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. 2023, 2024, 2025ರ ಆಯವ್ಯಯಗಳನ್ನು ಆಡಳಿತಾಧಿಕಾರಿಯಾಗಿದ್ದ ಕಮಿಷನರೇ ಸ್ವೀಕರಿಸಿ ಅನುಮೋದಿಸಿದರು. ಕೊನೆಯದರ ಗಾತ್ರ 74 ಸಾವಿರ ಕೋಟಿ ರೂಪಾಯಿ ಮೀರಿತ್ತು. ಬೆಂಗಳೂರಿನಲ್ಲೂ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಇದೇ ಕಥೆ. 2001ರ ಸುಮಾರಿಗೆ ಹೊಸ ಲೆಕ್ಕ ಪದ್ಧತಿಯನ್ನು ಅಳವಡಿಸಿಕೊಂಡ ನಗರ ಇದು. ಲೆಕ್ಕದ ಪುಸ್ತಕ ಸುಧಾರಿಸಿತು, ಅದನ್ನು ತೆರೆದು ಕೇಳುವವರ ಕುರ್ಚಿ ಖಾಲಿಯಾಯಿತು.

ಮೆಹ್ತಾ ದಶಕಗಳ ಕಾಲ ವಾದಿಸಿದ ಇನ್ನೊಂದು ಸಂಗತಿ ಪೊಲೀಸ್ ವೆಚ್ಚ. ಪೊಲೀಸರ ಮೇಲೆ ಅಧಿಕಾರ ಸರ್ಕಾರದ್ದು, ಸಂಬಳದ ಪಾಲು ಮಾತ್ರ ನಗರದ ಬೊಕ್ಕಸದ್ದು. ಯಾವುದರ ಮೇಲೆ ಹಿಡಿತವಿಲ್ಲವೋ ಅದಕ್ಕೆ ನಗರವೇಕೆ ಹಣ ಕೊಡಬೇಕು? 1907ರ ಕಾಯ್ದೆ ಈ ವ್ಯಾಜ್ಯ ಮುಗಿಸಿತು. ಸರ್ಕಾರ ಪೊಲೀಸ್ ವೆಚ್ಚ ಹೊತ್ತಿತು, ಪಾಲಿಕೆ ಪ್ರಾಥಮಿಕ ಶಿಕ್ಷಣದ ಹೊಣೆ ವಹಿಸಿಕೊಂಡಿತು.

ಅದೇ 1907ರಲ್ಲಿ ಅವರನ್ನು ಪಾಲಿಕೆಯಿಂದ ಹೊರಹಾಕುವ ಕೂಟವೊಂದು ಏರ್ಪಟ್ಟಿತು. ಅದರ ಮುಂದಾಳು ಮುಂಬೈ ಪ್ರಾಂತದ ಅಕೌಂಟೆಂಟ್ ಜನರಲ್ ಹ್ಯಾರಿಸನ್. ಸರ್ಕಾರದ ಲೆಕ್ಕ ನೋಡುವ ಅಧಿಕಾರಿಯೇ ನಗರದ ಲೆಕ್ಕ ಕೇಳುವವರ ವಿರುದ್ಧ ಮತ ಒಗ್ಗೂಡಿಸಿದ್ದು! ಮುನಿಸಿಪಲ್ ಕಮಿಷನರ್, ಪೊಲೀಸ್ ಕಮಿಷನರ್, ‘ಟೈಮ್ಸ್ ಆಫ್ ಇಂಡಿಯಾ’ ಸಂಪಾದಕ ಎಲ್ಲರೂ ಜೊತೆಗಿದ್ದರು. ಮೆಹ್ತಾ ಅವರ ದರ್ಪದ ಸ್ವಭಾವವೂ ವಿರೋಧಿಗಳನ್ನು ಬೆಳೆಸಿತ್ತೆನ್ನಬೇಕು. ಜಸ್ಟಿಸ್‌ಗಳ ಮತದಿಂದ ತುಂಬಬೇಕಾದ 16 ಸ್ಥಾನಗಳಿಗೆ ನಡೆದ ಚುನಾವಣೆಯಲ್ಲಿ ಅವರು ಹದಿನೇಳನೆಯವರಾದರು. ಆದರೆ ಗೆದ್ದವರಲ್ಲೊಬ್ಬರಿಗೆ ಪಾಲಿಕೆಯ ಗುತ್ತಿಗೆಯಲ್ಲಿ ಸಂಬಂಧವಿದ್ದುದರಿಂದ ಅವರ ಆಯ್ಕೆ ಅಸಿಂಧುವಾಯಿತು. ತೆರವಾದ ಸ್ಥಾನ ಮೆಹ್ತಾ ಅವರಿಗೆ ಬಂತು. ಅಷ್ಟರೊಳಗೆ ಅವರು ಕಾಂಗ್ರೆಸ್ ಅಧ್ಯಕ್ಷರಾಗಿ, ‘ಸರ್’ ಪದವಿ ಪಡೆದು ಹೆಸರಾಂತವರಾಗಿದ್ದರು. ಆದರೂ ಆ ಸ್ಥಾನವನ್ನು ಬಿಟ್ಟುಕೊಡಲಿಲ್ಲ. 1911ರಲ್ಲಿ ನಾಲ್ಕನೆಯ ಬಾರಿ ಪಾಲಿಕೆಯ ಅಧ್ಯಕ್ಷರಾದರು.

1915ರ ನವೆಂಬರ್ 5ರಂದು ಅವರು ತೀರಿಕೊಂಡರು. ಎಂಟು ವರ್ಷಗಳ ನಂತರ ಪಾಲಿಕೆಯ ಮುಖ್ಯ ಕಚೇರಿಯ ಮುಂದೆ ಅವರ ಪ್ರತಿಮೆ ನಿಂತಿತು. ಆಯವ್ಯಯದ ಕಡತಗಳು ಪ್ರತಿ ವರ್ಷ ಒಳಹೋಗುವುದು ಆ ಕಟ್ಟಡಕ್ಕೇ.