ವೃತ್ತಿರೋಗಗಳ ವೈದ್ಯ ಬರ್ನಾರ್ಡಿನೊ ರಮಾಜ್ಜಿನಿ

ದುಡಿಮೆಯಿಂದಲೇ ಬರುವ ಕಾಯಿಲೆಗಳ ಅಧ್ಯಯನಕ್ಕೆ ಪಿತಾಮಹರೆಂದು ಮಾನ್ಯರಾದ ಬರ್ನಾರ್ಡಿನೊ ರಮಾಜ್ಜಿನಿ 1633ರಲ್ಲಿ ಇಟಲಿಯ ಕಾರ್ಪಿಯಲ್ಲಿ ಜನಿಸಿದರು. ಪಾರ್ಮಾದಲ್ಲಿ ವೈದ್ಯಪದವಿ ಪಡೆದು, ರೋಮ್ ಕಡೆಯ ಹಳ್ಳಿಗಾಡಿನಲ್ಲಿ ಕೆಲಕಾಲ ವೃತ್ತಿ ನಡೆಸಿ, ಮಲೇರಿಯಾದಿಂದ ಬಳಲಿ ಊರಿಗೆ ಮರಳಿದರು. 1682ರಲ್ಲಿ ಮೊಡೆನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಅವರ ಮನೆಯ ಮಲಗುಂಡಿ ತೆಗೆಯಲು ಬಂದ ಕೆಲಸಗಾರನೊಬ್ಬ ಬಹಳ ಅವಸರದಿಂದ ದುಡಿಯುತ್ತಿದ್ದ. ಕಾರಣ ಕೇಳಿದಾಗ, ಆ ಗುಂಡಿಯಲ್ಲಿ ಹೆಚ್ಚು ಹೊತ್ತು ಉಳಿದರೆ ಕಣ್ಣು ಹೋಗುತ್ತದೆಂದ. ರಮಾಜ್ಜಿನಿ ಪರೀಕ್ಷಿಸಿದರು; ಅವನ ಕಣ್ಣುಗಳು ಕೆಂಪೇರಿ ಮಂಜಾಗಿದ್ದವು. ಅದೇ ಕೆಲಸ ಮಾಡಿ ಕುರುಡರಾದವರು ನಗರದಲ್ಲಿ ಭಿಕ್ಷೆ ಬೇಡುವುದನ್ನೂ ಅವರು ಕಂಡರು. ಮುಂದೆ ಕಾರ್ಯಾಗಾರಗಳಿಗೆ ತಾವೇ ಹೋಗಿ ವಿಚಾರಿಸತೊಡಗಿದರು.

ಅದರ ಫಲವೇ 1700ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟವಾದ, ಶ್ರಮಜೀವಿಗಳ ರೋಗಗಳನ್ನು ಕುರಿತ ಗ್ರಂಥ. ಗಿಲೀಟು ಮಾಡುವವರನ್ನು ಪಾದರಸವೂ ಕುಂಬಾರರನ್ನು ಸೀಸವೂ ಕಲ್ಲುಕುಟಿಗರನ್ನು ದೂಳೂ ಹೇಗೆ ಕೆಡಿಸುತ್ತವೆಂದು ಅದು ವಿವರಿಸಿತು. ಸದಾ ಕುಳಿತು ಬರೆಯುವ ಗುಮಾಸ್ತರ ಕೈನೋವೂ ಅದರಲ್ಲಿದೆ. ರೋಗಿಯನ್ನು ವೈದ್ಯರು ಕೇಳುವ ಪ್ರಶ್ನೆಗಳಿಗೆ ಅವರು ಇನ್ನೊಂದನ್ನು ಸೇರಿಸಿದರು: ಅವನ ಕಸುಬು ಯಾವುದು? ಅದೇ ವರ್ಷ ಪಾದುವಾ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಇಳಿವಯಸ್ಸಿನಲ್ಲಿ ದೃಷ್ಟಿ ಕುಂದಿದರೂ ಕೆಲಸ ಬಿಡಲಿಲ್ಲ. 1713ರಲ್ಲಿ ಗ್ರಂಥದ ವಿಸ್ತೃತ ಆವೃತ್ತಿ ಹೊರಬಂತು. ಮರುವರ್ಷ ಅವರು ನಿಧನರಾದರು.

ಅವರು ಕಲ್ಲುಕುಟಿಗರಲ್ಲಿ ಗುರುತಿಸಿದ ದೂಳಿನ ಕಾಯಿಲೆಯೇ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಸಿಲಿಕೋಸಿಸ್ ಆಗಿ ಕಾರ್ಮಿಕರ ಶ್ವಾಸಕೋಶಗಳನ್ನು ಕಲ್ಲಾಗಿಸಿತು. ಮೈಸೂರು ಸಂಸ್ಥಾನ ಅದಕ್ಕೆ ಪರಿಹಾರ ಕೊಡುವ ನಿಯಮ ತಂದದ್ದು 1940ರಲ್ಲಿ. ರಮಾಜ್ಜಿನಿಯವರ ಗ್ರಂಥಕ್ಕೆ ಆಗ 240 ವರ್ಷ ತುಂಬಿತ್ತು.

ಕುವೈತ್‌ನಲ್ಲಿ ವೈದ್ಯನಾಗಿರುವ ನನಗೆ ಅವರ ಪ್ರಶ್ನೆ ಹಳತೆನಿಸಿಲ್ಲ. ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನ ಕೆಲಸಕ್ಕೆ ನಿಷೇಧವಿದೆ. ಇದು ಬಹಳ ದೊಡ್ಡ ರಕ್ಷಣೆ. ಆದರೆ ಬಿಸಿಲು ಗಡಿಯಾರ ನೋಡಿ ಬರುವುದಿಲ್ಲ. ಮೇ ತಿಂಗಳೂ ಸೆಪ್ಟೆಂಬರೂ ಸುಡುತ್ತವೆ. ನೀರು ಕುಡಿಯದೆ ಬೆವರುವ ಕಾರ್ಮಿಕನ ಮೂತ್ರಪಿಂಡ ಸದ್ದಿಲ್ಲದೆ ಸೋಲುತ್ತದೆ. ದಾಖಲೆಯಲ್ಲಿರುವ ಉದ್ಯೋಗವೊಂದು, ನಿಜವಾಗಿ ಮಾಡುವ ಕೆಲಸ ಇನ್ನೊಂದು ಆಗಿರುವುದೂ ಉಂಟು. ಆದ್ದರಿಂದ ಕಸುಬಿನ ಹೆಸರನ್ನಷ್ಟೇ ಕೇಳಿದರೆ ಸಾಲದು. ಎಲ್ಲಿ, ಎಷ್ಟು ಹೊತ್ತು, ಯಾವುದರ ನಡುವೆ ದುಡಿಯುತ್ತಾನೆಂದೂ ಕೇಳಬೇಕು. ಮಲಗುಂಡಿಯ ಕೆಲಸಗಾರನನ್ನು ರಮಾಜ್ಜಿನಿ ವಿಚಾರಿಸಿದ್ದು ಹಾಗೆಯೇ.